ಮೂತ್ರಾಂಗಗಳ ಸಿ.ಟಿ. ಪರೀಕ್ಷೆ ಮತ್ತು ಸೂಜಿಯ ಭಯ

ಅಳವಂಡಿ ಭಾಗದ ಬಿರುಬಿಸಿಲಿನಲ್ಲಿ ದುಡಿಯುವ ಒಕ್ಕಲುಮಕ್ಕಳಿಗೆ ಮೂತ್ರದಲ್ಲಿ ಹರಳಾಗುವುದು ಹೊಸ ಮಾತಲ್ಲ. ಹರಳಿನ ನೋವು ಮನುಷ್ಯನನ್ನು ತಾನೇ ಆಸ್ಪತ್ರೆಗೆ ಅಟ್ಟುತ್ತದೆ. ಹೆಚ್ಚು ಅಂಜಬೇಕಾದುದು ನೋವಿಲ್ಲದೆ ಮೂತ್ರದಲ್ಲಿ ಕಾಣುವ ರಕ್ತಕ್ಕೆ. ‘ಉಷ್ಣವಾಗಿದೆ’ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವ ಹಿರಿಯರು, ಅದರಲ್ಲಿಯೂ ಬೀಡಿ ಸೇದುವವರು, ಗಡ್ಡೆಯ ಮೊದಲ ಸೂಚನೆಯನ್ನೇ ಕಡೆಗಣಿಸುವುದುಂಟು. ಕೊಪ್ಪಳಕ್ಕೋ ಹುಬ್ಬಳ್ಳಿಗೋ ಹೋದಾಗ ವೈದ್ಯರು ‘ಡೈ’ ಹಾಕಿ ಸಿ.ಟಿ. ತೆಗೆಯಬೇಕೆಂದರೆ, ಆ ಸೂಜಿಯಿಂದ ಮೂತ್ರಪಿಂಡ ಕೆಡುವುದೆಂದು ಹಿಂದಿರುಗುವವರೂ ಇದ್ದಾರೆ.

ಹೆಸರು ಡೈ ಆದರೂ ಅದು ಬಣ್ಣವಲ್ಲ. ಅಯೋಡಿನ್ ಕೂಡಿದ ತಿಳಿದ್ರವ. ಅಯೋಡಿನ್ ಕ್ಷಕಿರಣವನ್ನು ತಡೆಯುವುದರಿಂದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. 1929ರಲ್ಲಿ ಬರ್ಲಿನ್ನಿನಲ್ಲಿ ಮೋಸೆಸ್ ಸ್ವಿಕ್ ಎಂಬ ತರುಣ ವೈದ್ಯರು ಇಂಥ ದ್ರವವನ್ನು ರಕ್ತನಾಳಕ್ಕೆ ಸೇರಿಸಿ ಮೂತ್ರಮಾರ್ಗದ ಚಿತ್ರ ತೆಗೆದರು. 1971ರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ರೋಗಿಗಳ ಪರೀಕ್ಷೆಗೆ ಬಂದಿತು.

ಈ ವಿದ್ಯೆಯ ಮರ್ಮವೆಲ್ಲ ಕಾಲಜ್ಞಾನದಲ್ಲಿದೆ. ಹರಳೂ ಬಿಳಿ, ಮದ್ದೂ ಬಿಳಿ. ಆದುದರಿಂದ ಸೂಜಿಗೆ ಮೊದಲೇ ಒಂದು ಚಿತ್ರ. ಬಳಿಕ ಸುಮಾರು 100 ಮಿಲಿಲೀಟರ್ ದ್ರವವನ್ನು ಯಂತ್ರವು ಸೆಕೆಂಡಿಗೆ 2–3 ಮಿಲಿಲೀಟರಿನಂತೆ ಸೇರಿಸುತ್ತದೆ. 100 ಸೆಕೆಂಡಿನ ಸುಮಾರಿಗೆ ಮೂತ್ರಪಿಂಡದ ಮಾಂಸಭಾಗ ಬೆಳಗುತ್ತದೆ. ಹತ್ತು ನಿಮಿಷದ ಹೊತ್ತಿಗೆ ಮದ್ದು ಮೂತ್ರದೊಡನೆ ನಾಳಕ್ಕೂ ಮೂತ್ರಕೋಶಕ್ಕೂ ಇಳಿಯುತ್ತದೆ. ಹೀಗೆ ಮೂರು ಚಿತ್ರ, ಮೂರು ಸಲ ಕಿರಣ. ಇದನ್ನು ತಗ್ಗಿಸಲು ಮದ್ದನ್ನು ಇಬ್ಭಾಗಿಸುವ ಕ್ರಮವುಂಟು. ಮೊದಲ ಪಾಲು ನಾಳಕ್ಕಿಳಿಯುವವರೆಗೆ ಕಾದು, ಎರಡನೆಯ ಪಾಲನ್ನು ಕೊಟ್ಟು, ಅದು ಮೂತ್ರಪಿಂಡದಲ್ಲಿರುವಾಗಲೇ ಒಂದೇ ಚಿತ್ರದಲ್ಲಿ ಎರಡನ್ನೂ ಹಿಡಿಯುತ್ತಾರೆ. ಹರೆಯದವರಿಗೆ ಇದು ಲೇಸು. ಆದರೆ ಪಾಲು ಕಡಿಮೆಯಾದಷ್ಟು ನಾಳ ಚೆನ್ನಾಗಿ ತುಂಬದಿರಬಹುದು. ಗಡ್ಡೆಯ ಶಂಕೆಯಿರುವ ವೃದ್ಧರಲ್ಲಿ ಮೂರು ಚಿತ್ರಗಳನ್ನೇ ವೈದ್ಯರು ಬಯಸಿದರೆ ತಕರಾರು ಸಲ್ಲದು.

ಬರಿಯ ಹರಳಿನ ಶೋಧಕ್ಕೆ ಸಾಮಾನ್ಯವಾಗಿ ಸೂಜಿಯೇ ಬೇಡ. ಸೂಜಿ ಬೇಕಾದಲ್ಲಿ ರಕ್ತದ ಕ್ರಿಯಾಟಿನಿನ್ ನೋಡಿಸಬೇಕು. ಮೂತ್ರಪಿಂಡ ಬಹಳ ಕುಂದಿದವರಿಗೆ ಅಪಾಯವಿರುವುದು ನಿಜ. ಉಳಿದವರಿಗೆ ಅದು ತೀರ ಅಲ್ಪ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆ, ಹಿಂದೆ ಇಂಥ ಸೂಜಿಯಿಂದ ಮೈ ದದ್ದರಿಸಿದ್ದು, ಉಬ್ಬಸ, ಇವನ್ನು ಮುಚ್ಚಿಡಬಾರದು. ಮದ್ದು ಹರಿಯುವಾಗ ಮೈ ಬೆಚ್ಚಗಾಗಿ ಮೂತ್ರ ಹೋದಂತೆಯೇ ಅನಿಸುತ್ತದೆ. ಹಿರಿಯರು ನಾಚಬೇಕಾಗಿಲ್ಲ, ಅದು ಕ್ಷಣಿಕ ಭ್ರಮೆ.

ಇನ್ನೊಂದು ತೊಡಕು ನಮ್ಮವರದೇ. ಎದೆಯಿಂದ ಹೊಟ್ಟೆಯ ಮೇಲಿಳಿಯುವ ಬೆಳ್ಳಿಯ ಕರಡಿಗೆ ಚಿತ್ರದಲ್ಲಿ ಗೆರೆಗಳನ್ನೆಬ್ಬಿಸಿ ಒಳಗಿನದನ್ನು ಮರೆಮಾಡುತ್ತದೆ. ತೆಗೆಯೆಂದರೆ ಲಿಂಗವನ್ನು ಅಂಗದಿಂದ ಅಗಲಿಸಲಾರೆವೆಂದು ಕೆಲವರು ಎದ್ದುಬಿಡುವುದುಂಟು. ಲಿಂಗಧಾರಣೆಯ ಸ್ಥಾನಗಳಲ್ಲಿ ಕರಸ್ಥಲವೂ ಒಂದಷ್ಟೆ? ಈ ಪರೀಕ್ಷೆಯಲ್ಲಿ ಕೈಗಳನ್ನು ತಲೆಯ ಮೇಲಕ್ಕೆ ಚಾಚಿಸುತ್ತಾರೆ. ಲೋಹದ ಕರಡಿಗೆಯನ್ನು ಮನೆಯವರಿಗೊಪ್ಪಿಸಿ, ಇಷ್ಟಲಿಂಗವನ್ನು ಶುಭ್ರವಸ್ತ್ರದಲ್ಲಿ ಸುತ್ತಿ, ಸೂಜಿ ಚುಚ್ಚದ ಕೈಗೆ ಕಟ್ಟಿಕೊಂಡರೆ ಅದು ಕಿರಣದ ಹಾದಿಗೆ ಹೊರಗುಳಿಯುತ್ತದೆ. ಮೇಜಿನ ಮೇಲೆ ಮಲಗುವ ಮುನ್ನವೇ ಯಂತ್ರ ನಡೆಸುವವರಿಗೆ ಇದನ್ನು ತಿಳಿಸಿರಬೇಕು.