ಗೆಣ್ಣು ಒತ್ತಿದ್ರೆ ಧೈರ್ಯ ಬರುತ್ತಾ? ಎನ್‌ಎಲ್‌ಪಿ ಕಲಿತ ಮೇಲೆ ನನ್ನ ಹತ್ರ ಉಳಿದಿದ್ದು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಭೂಮ್ಕರ್ ಚೌಕದ ಟ್ರಾಫಿಕ್‌ನಲ್ಲಿ ಕ್ಯಾಬ್ ಒಳಗೆ ಕೂತು ಓದೋರಿಗೆ ಅಂತ ಈ ವಾರದ ಮಾತನ್ನ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೀನಿ.

ಇವತ್ತಿನ ವಿಷಯ ಎನ್‌ಎಲ್‌ಪಿ. ನಮ್ಮ ಹಿಂಜವಡಿ ಜನಕ್ಕೆ ಈ ಮೂರಕ್ಷರ ಕೇಳಿದ ಕೂಡಲೇ ಚಾಟ್‌ಬಾಟ್, ಪೈಥಾನ್ ನೆನಪಾಗುತ್ತೆ. ಅದಲ್ಲ. ಇದು ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್. "ನಿಮ್ಮ ಮೆದುಳನ್ನು ನೀವೇ ಪ್ರೋಗ್ರಾಮ್ ಮಾಡಿಕೊಳ್ಳಿ, ಎರಡೇ ದಿನದಲ್ಲಿ ಬದಲಾಗಿ" ಅಂತ ಶನಿವಾರ, ಭಾನುವಾರ ಹೋಟೆಲ್ ಹಾಲ್‌ಗಳಲ್ಲಿ ನಡೆಯುತ್ತಲ್ಲ, ಅದು. ಕೆಲವು ವರ್ಷಗಳ ಹಿಂದೆ ನಾನೂ ದುಡ್ಡು ಕಟ್ಟಿ ಹೋಗಿದ್ದೆ. ಅದರಲ್ಲಿ ಏನು ಕೆಲಸಕ್ಕೆ ಬಂತು, ಏನು ಬರಲಿಲ್ಲ ಅಂತ ಲೆಕ್ಕ ಒಪ್ಪಿಸ್ತೀನಿ.

ನಾನು ಯಾಕೆ ಹೋದೆ

ನಾನು ಧಾರವಾಡದವನು. ಕಾಲೇಜಲ್ಲಿ ಕನ್ನಡ ಚರ್ಚಾ ಸ್ಪರ್ಧೆ ಅಂದ್ರೆ ಮೊದಲ ಬಹುಮಾನ ನಂದೇ. ಅಂಥವನು ಪುಣೆಗೆ ಬಂದ ಮೇಲೆ ಮೂಗನಾಗಿಬಿಟ್ಟೆ. ಕೋಡ್ ಬರೆಯೋದಕ್ಕೆ ತೊಂದರೆ ಇರಲಿಲ್ಲ. ಟೀಮಲ್ಲಿ ಅರ್ಧ ಮಾತು ಮರಾಠಿ, ಅರ್ಧ ಹಿಂದಿ, ಕ್ಲೈಂಟ್ ಬಂದ್ರೆ ಇಂಗ್ಲಿಷ್. ಕಾಲ್‌ನಲ್ಲಿ ನನ್ನ ಹೆಸರು ಕರೆದ್ರೆ ಗಂಟಲು ಒಣಗೋದು. ನಾನೇ ಮಾಡಿದ ಕೆಲಸವನ್ನ ಪಕ್ಕದವನು ವಿವರಿಸೋನು. ಅಪ್ರೈಸಲ್‌ನಲ್ಲಿ ಎರಡು ವರ್ಷ ಒಂದೇ ವಾಕ್ಯ ಬಂತು: ಕೆಲಸ ಚೆನ್ನಾಗಿದೆ, ಆದ್ರೆ ಮುಂದೆ ಬಂದು ಮಾತಾಡಲ್ಲ.

ಹಾಗಾಗಿ ಹೋದೆ.

ಇದು ಬಂದಿದ್ದು ಎಲ್ಲಿಂದ

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್‌ನಲ್ಲಿ ಇಬ್ಬರು ಜೊತೆಯಾದ್ರು. ಒಬ್ಬ ವಿದ್ಯಾರ್ಥಿ ರಿಚರ್ಡ್ ಬ್ಯಾಂಡ್ಲರ್. ಇನ್ನೊಬ್ಬರು ಭಾಷಾಶಾಸ್ತ್ರದ ಮೇಷ್ಟ್ರು ಜಾನ್ ಗ್ರೈಂಡರ್. ಆ ಕಾಲದ ಹೆಸರಾಂತ ಚಿಕಿತ್ಸಕರಾದ ಫ್ರಿಟ್ಸ್ ಪರ್ಲ್ಸ್, ವರ್ಜೀನಿಯಾ ಸಟೀರ್, ಮಿಲ್ಟನ್ ಎರಿಕ್ಸನ್ ರೋಗಿಗಳ ಜೊತೆ ಹೇಗೆ ಮಾತಾಡ್ತಾರೆ, ಯಾವ ಪ್ರಶ್ನೆ ಕೇಳ್ತಾರೆ ಅಂತ ಇವರು ಗಮನಿಸಿದ್ರು. ಆ ಮಾತಿನ ಮಾದರಿಯನ್ನ ಬಿಡಿಸಿ ಬರೆದರೆ ಯಾರು ಬೇಕಾದ್ರೂ ಕಲೀಬಹುದು ಅನ್ನೋದು ಅವರ ಯೋಚನೆ. 1975ರಲ್ಲಿ ಮೊದಲ ಪುಸ್ತಕ ಬಂತು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಚೆನ್ನಾಗಿ ಓಡೋ ಸಿಸ್ಟಮ್ ನೋಡಿ ರಿವರ್ಸ್ ಇಂಜಿನಿಯರಿಂಗ್ ಮಾಡಿದ ಹಾಗೆ. ಯೋಚನೆ ಕೆಟ್ಟದ್ದಲ್ಲ. ಆದ್ರೆ ಟೆಸ್ಟಿಂಗ್ ಸರಿಯಾಗಿ ಆಗೋಕೆ ಮುಂಚೆನೇ ಮಾರ್ಕೆಟ್‌ಗೆ ಬಂತು. ಅದೇ ಸಮಸ್ಯೆ.

ಗೆಣ್ಣಿನ ಕಥೆ

ನನಗೆ ಕಲಿಸಿದ ಮೊದಲ ತಂತ್ರ ಆ್ಯಂಕರಿಂಗ್. ಕಣ್ಣು ಮುಚ್ಚಿ, ಧೈರ್ಯವಾಗಿದ್ದ ಒಂದು ಗಳಿಗೆ ನೆನಪು ಮಾಡ್ಕೊಳ್ಳಬೇಕು. ಅಲ್ಲಿ ಏನು ಕಂಡಿತ್ತು, ಏನು ಕೇಳಿಸಿತ್ತು, ಮೈಯಲ್ಲಿ ಹೇಗನಿಸಿತ್ತು ಅಂತ ಒಂದೊಂದಾಗಿ ತಂದ್ಕೊಳ್ಳಬೇಕು. ಭಾವನೆ ತುಂಬಿ ಬಂದಾಗ ಬೆರಳಿನ ಗೆಣ್ಣು ಒತ್ತಬೇಕು. ಹೀಗೆ ಹಲವು ಸಲ ಮಾಡಿದ್ರೆ ಮುಂದೆ ಗೆಣ್ಣು ಒತ್ತಿದ ಕೂಡಲೇ ಧೈರ್ಯ ಬರುತ್ತೆ ಅಂತ. ಪಾವ್ಲೋವ್‌ನ ನಾಯಿಗೆ ಗಂಟೆ ಕೇಳಿದ್ರೆ ಜೊಲ್ಲು ಬರ್ತಿತ್ತಲ್ಲ, ಅದೇ ತರ್ಕ.

ನಾನು ಚರ್ಚಾ ಸ್ಪರ್ಧೆಯ ವೇದಿಕೆ ನೆನಪು ಮಾಡ್ಕೊಂಡೆ. ನಿಜವಾಗ್ಲೂ ಮೈ ಜುಮ್ ಅಂತು. ಭಾನುವಾರ ರಾತ್ರಿ ಹುಲಿ ಆಗಿ ಮನೆಗೆ ಬಂದೆ.

ಮಂಗಳವಾರ ಕಾಲ್. ಹೆಸರು ಕರೆದ್ರು, ಗೆಣ್ಣು ಒತ್ತಿದೆ. ಮೊದಲ ಎರಡು ವಾಕ್ಯ ಬಂತು. ಆಮೇಲೆ ಕ್ಲೈಂಟ್ ನಾನು ಅಂದುಕೊಳ್ಳದ ಒಂದು ಪ್ರಶ್ನೆ ಕೇಳಿದ್ರು. ಗಂಟಲು ಕಟ್ತು. ಯಥಾಪ್ರಕಾರ ಪಕ್ಕದವನು ಮೈಕ್ ತಗೊಂಡ. ಇನ್ನೊಂದು ತಿಂಗಳು ಬಿಡದೆ ಒತ್ತಿದೆ. ಕೊನೆಗೆ ಏನಾಯ್ತು ಗೊತ್ತಾ? ಮನೆಯಲ್ಲಿ ಸುಮ್ನೆ ಕೂತಾಗ ಆ ಗೆಣ್ಣು ಮುಟ್ಟಿದ್ರೂ ಕಾಲ್ ನೆನಪಾಗಿ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು!

ಆಮೇಲೆ ಯೋಚಿಸಿದ್ರೆ ಇದೂ ಪಾವ್ಲೋವ್ ಲೆಕ್ಕವೇ. ಗಂಟೆ ಹೊಡೆದು ಊಟ ಕೊಡದೇ ಇದ್ರೆ ನಾಯಿಗೆ ಜೊಲ್ಲು ಬರೋದು ನಿಲ್ಲುತ್ತೆ. ನಾನು ಪ್ರತಿ ಸಲ ಗೆಣ್ಣು ಒತ್ತಿ ಸೋಲನ್ನೇ ಬಡಿಸಿದ್ದೆ. ಹಳೇ ವೇದಿಕೆಯ ನೆನಪು ಎಷ್ಟೇ ಚೆನ್ನಾಗಿದ್ರೂ, ಅಲ್ಲಿ ನಾನು ಮಾತಾಡಿದ್ದು ಕನ್ನಡದಲ್ಲಿ, ತಯಾರಿ ಮಾಡ್ಕೊಂಡು. ಇಲ್ಲಿ ಬೇಕಿದ್ದದ್ದು ಇಂಗ್ಲಿಷ್‌ನಲ್ಲಿ ತಕ್ಷಣ ಉತ್ತರ ಕೊಡೋ ಅಭ್ಯಾಸ. ಅದು ಗೆಣ್ಣಿನಲ್ಲಿ ಇರಲಿಲ್ಲ.

ಸಂಶೋಧನೆ ಏನು ಹೇಳುತ್ತೆ

ಆಗ ಕೂತು ಓದೋಕೆ ಶುರು ಮಾಡಿದೆ. ಅಮೆರಿಕದ ಸೈನ್ಯ ಕೇಳಿದ್ದಕ್ಕೆ ಅಲ್ಲಿನ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಇಂಥ ಹಲವು ತಂತ್ರಗಳನ್ನ ಪರಿಶೀಲಿಸಿ 1988ರಲ್ಲಿ ವರದಿ ಕೊಟ್ಟಿತ್ತು. ಎನ್‌ಎಲ್‌ಪಿ ಹೇಳಿಕೆಗಳಿಗೆ ಗಟ್ಟಿ ಆಧಾರ ಸಿಗಲಿಲ್ಲ. "ಬಲಗಡೆ ಮೇಲಕ್ಕೆ ನೋಡಿದ್ರೆ ಸುಳ್ಳು ಹೇಳ್ತಿದ್ದಾನೆ" ಅನ್ನೋ ಮಾತು ಕೇಳಿರ್ತೀರಿ. ಅದನ್ನ ರಿಚರ್ಡ್ ವೈಸ್‌ಮನ್ ಮತ್ತು ಜೊತೆಗಾರರು ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ್ರು. ಕಣ್ಣು ಹೋಗೋ ದಿಕ್ಕಿಗೂ ಸುಳ್ಳಿಗೂ ಸಂಬಂಧವೇ ಕಾಣಲಿಲ್ಲ. ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಆರೋಗ್ಯಕ್ಕೆ ಎನ್‌ಎಲ್‌ಪಿ ಬಳಸಿದ 10 ಅಧ್ಯಯನಗಳನ್ನ ಒಟ್ಟಿಗೆ ನೋಡಿದವರು, ಉಪಯೋಗ ಆಗುತ್ತೆ ಅನ್ನೋಕೆ ಸಾಕ್ಷ್ಯ ತೀರಾ ಕಮ್ಮಿ ಅಂತ ಬರೆದ್ರು.

ಕಾರ್ಯಾಗಾರದಲ್ಲಿ "21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ" ಅಂತಾನೂ ಹೇಳಿದ್ರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನ ಇಟ್ಕೊಂಡು ನೋಡಿದಾಗ ಸರಾಸರಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254ರ ತನಕ ಬೇಕು ಅಂತ ಲೆಕ್ಕ ಬಂತು. ಇದು ತಿಳಿದಾಗ ನನಗೆ ಬೇಜಾರಾಗಲಿಲ್ಲ, ಸಮಾಧಾನ ಆಯ್ತು. 22ನೇ ದಿನ ಸೋತವನು ನಾನೊಬ್ಬನೇ ಅಲ್ಲವಲ್ಲ!

ಹಾಗಾದ್ರೆ ಎಲ್ಲಾ ಬೋಗಸ್ಸಾ? ಇಲ್ಲ. ಸಿದ್ಧಾಂತ ಪಕ್ಕಕ್ಕಿಟ್ಟು ಪೆಟ್ಟಿಗೆ ತಡಕಾಡಿದ್ರೆ ನಾಲ್ಕು ಒಳ್ಳೇ ಸಾಮಾನು ಸಿಗುತ್ತೆ. ನಾಲ್ಕೂ ಬೇರೆ ಕಡೆನೂ ಇವೆ, ಎನ್‌ಎಲ್‌ಪಿ ಸ್ವತ್ತಲ್ಲ.

ಒಂದು: ನಮ್ಮ ವಾಕ್ಯವನ್ನೇ ಪ್ರಶ್ನೆ ಕೇಳೋದು

ಇದನ್ನ ಅವರು ಮೆಟಾ ಮಾಡೆಲ್ ಅಂತಾರೆ. ಅದಕ್ಕೂ ಮುಂಚೆಯೇ ಆಲ್ಬರ್ಟ್ ಎಲ್ಲಿಸ್, ಆರನ್ ಬೆಕ್ ತಮ್ಮ ಚಿಕಿತ್ಸೆಯಲ್ಲಿ ಇಂಥದ್ದೇ ಪ್ರಶ್ನೆ ಕೇಳ್ತಿದ್ರು. "ಎಲ್ಲರೂ ನಗ್ತಾರೆ" ಅಂದ್ರೆ, ಎಲ್ಲರೂ ಅಂದ್ರೆ ಯಾರು? "ಯಾವಾಗ್ಲೂ ಹೀಗೇ" ಅಂದ್ರೆ, ಒಂದು ಸಲವೂ ಬೇರೆ ಥರ ಆಗಿಲ್ವಾ?

ಕನ್ನಡದಲ್ಲಿ ನಾವು ವಿಶೇಷವಾಗಿ ಹಿಡೀಬೇಕಾದ ಎರಡು ಕ್ರಿಯಾಪದ ಇವೆ. ಒಂದು "ಬರಲ್ಲ". ನಮ್ಮ ಕಡೆ "ಬರಂಗಿಲ್ಲ". "ನನಗೆ ಇಂಗ್ಲಿಷ್ ಬರಲ್ಲ" ಅಂತೀವಿ. ಇಂಗ್ಲಿಷ್ ಏನೋ ನೆಂಟರ ಥರ ತಾನಾಗೇ ಬರಬೇಕಿತ್ತು, ಬರಲಿಲ್ಲ ಅನ್ನೋ ಹಾಗೆ! ಕಲಿಯೋ ಕೆಲಸ ನಂದು ಅನ್ನೋದು ಆ ವಾಕ್ಯದಲ್ಲಿ ಕಾಣೋದೇ ಇಲ್ಲ. ಇನ್ನೊಂದು "ಆಗಲ್ಲ". ಗೊತ್ತಿಲ್ಲ, ಸಮಯ ಇಲ್ಲ, ಹೆದರಿಕೆ, ಇಷ್ಟ ಇಲ್ಲ, ಎಲ್ಲಾನೂ ಈ ಒಂದು ಪದದ ಹಿಂದೆ ಅಡಗಿ ಕೂರುತ್ತೆ. ನಾನು ಒಂದು ವಾರ ಇವೆರಡು ಬಾಯಿಗೆ ಬಂದಾಗೆಲ್ಲ ಬಿಡಿಸಿ ಬರೆದೆ. "ಕಾಲ್‌ನಲ್ಲಿ ಮಾತಾಡೋಕೆ ಬರಲ್ಲ" ಅನ್ನೋದು ಕೊನೆಗೆ ಹೀಗಾಯ್ತು: "ಅನಿರೀಕ್ಷಿತ ಪ್ರಶ್ನೆ ಬಂದಾಗ, ಮೊದಲ ಹತ್ತು ಸೆಕೆಂಡ್ ಏನು ಹೇಳಬೇಕು ಅಂತ ನನಗೆ ಗೊತ್ತಿಲ್ಲ." ಈಗ ಇದು ಪರಿಹರಿಸಬಹುದಾದ ಟಿಕೆಟ್.

ಎರಡು: "ಹೀಗಾದ್ರೆ ಹೀಗೆ"

ಗುರಿಯನ್ನ ಕಣ್ಣಿಗೆ ಕಟ್ಟೋ ಹಾಗೆ ಬರೀರಿ ಅಂತ ಎನ್‌ಎಲ್‌ಪಿ ಹೇಳುತ್ತೆ. ಇದಕ್ಕಿಂತ ಗಟ್ಟಿ ಆಧಾರ ಇರೋದು ಪೀಟರ್ ಗೋಲ್‌ವಿಟ್ಸರ್ ಅನ್ನೋ ಮನೋವಿಜ್ಞಾನಿಯ ವಿಧಾನಕ್ಕೆ. "ಇಂಥ ಸಂದರ್ಭ ಬಂದ್ರೆ, ಇಂಥದ್ದು ಮಾಡ್ತೀನಿ" ಅಂತ ಮೊದಲೇ ನಿರ್ಧರಿಸೋದು. 94 ಪರೀಕ್ಷೆಗಳನ್ನ ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯಲ್ಲಿ ಒಳ್ಳೇ ಪರಿಣಾಮ ಕಂಡಿದೆ. ನನ್ನ ವಾಕ್ಯ: "ಗೊತ್ತಿಲ್ಲದ ಪ್ರಶ್ನೆ ಬಂದ್ರೆ, ಮೊದಲು ಆ ಪ್ರಶ್ನೆಯನ್ನ ನನ್ನ ಮಾತಲ್ಲಿ ವಾಪಸ್ ಹೇಳ್ತೀನಿ." ಮಾನಿಟರ್ ಕೆಳಗೆ ಅಂಟಿಸಿದೆ. ಆ ಹತ್ತು ಸೆಕೆಂಡ್ ದಾಟೋಕೆ ಅಷ್ಟು ಸಾಕಾಯ್ತು.

ಮೂರು: ಹೆಸರು ಬದಲಾಯಿಸೋದು

ರೀಫ್ರೇಮಿಂಗ್ ಅಂತಾರೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದ್ದು: ಭಾಷಣಕ್ಕೆ ಮುಂಚೆ "ಶಾಂತವಾಗಿದ್ದೀನಿ" ಅಂದುಕೊಂಡವರಿಗಿಂತ "ನನಗೆ ಉತ್ಸಾಹ ಆಗಿದೆ" ಅಂತ ಜೋರಾಗಿ ಹೇಳ್ಕೊಂಡವರು ಚೆನ್ನಾಗಿ ಮಾತಾಡಿದ್ರು. ಎದೆ ಹೊಡ್ಕೊಳ್ಳೋದು ಭಯಕ್ಕೂ ಹೌದು, ಹುರುಪಿಗೂ ಹೌದು. ಅದನ್ನ ನಿಲ್ಲಿಸೋದು ಕಷ್ಟ, ಹೆಸರು ಬದಲಾಯಿಸೋದು ಸುಲಭ.

ನಾಲ್ಕು: ಮೂರು ಕುರ್ಚಿ

ಇದನ್ನ ಹೇಳೋಕೇ ಇವತ್ತು ಕೂತಿದ್ದು. ಒಂದು ಜಗಳವನ್ನ ಮೂರು ಜಾಗದಿಂದ ನೋಡೋದು. ಮೊದಲ ಕುರ್ಚಿಯಲ್ಲಿ ನಾನು, ಎರಡನೇದರಲ್ಲಿ ಎದುರಿನವರಾಗಿ ನಾನು, ಮೂರನೇದರಲ್ಲಿ ಸಂಬಂಧವಿಲ್ಲದ ಯಾರೋ.

ನಮ್ಮವ್ವ ಧಾರವಾಡದಲ್ಲಿ ಒಬ್ಬಳೇ ಇರ್ತಾಳೆ. ಪ್ರತಿ ಭಾನುವಾರ ಫೋನ್, ಪ್ರತಿ ಭಾನುವಾರ ಅದೇ ಮಾತು. "ಈ ಸಲಾನೂ ಬರಂಗಿಲ್ಲೇನು?" "ಅವ್ವ, ಈ ತಿಂಗಳು ಆಗೂದಿಲ್ಲ." ಆಮೇಲೆ ಅವಳು ಸುಮ್ಮನಾಗೋದು, ನಾನು ರೇಗೋದು, ಫೋನ್ ಇಡೋದು. ಹೀಗೆ ಆರು ತಿಂಗಳು.

ಒಂದು ಭಾನುವಾರ ವಾಕಡ್‌ನ ನನ್ನ ರೂಮಲ್ಲಿ ನಿಜವಾಗ್ಲೂ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಮೊದಲನೇದರಲ್ಲಿ ನನ್ನ ಸಿಟ್ಟೆಲ್ಲ ಹೇಳಿದೆ. ಡೆಡ್‌ಲೈನ್, ರಜೆ ಇಲ್ಲ, ಸ್ವಾರಗೇಟಿಂದ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಇಳಿದು ಮತ್ತೆ ಅದೇ ರಾತ್ರಿ ವಾಪಸ್ ಬರಬೇಕು. ಎರಡನೇದರಲ್ಲಿ ಅವ್ವ ಆಗಿ ಕೂತೆ. ಸಂಜೆ ಮನೆ, ಒಂದೇ ತಾಟು. ಅವಳಿಗೆ ಒಂಟಿತನ, ಅದಕ್ಕೇ ಕರೀತಾಳೆ ಅನ್ನಿಸ್ತು. ಕಣ್ಣು ತುಂಬಿ ಬಂತು. ಮೂರನೇದರಲ್ಲಿ, ಬಸ್ಸಿನಲ್ಲಿ ಪಕ್ಕದ ಸೀಟಿನವನ ಹಾಗೆ ಕೂತು ಕೇಳಿಸ್ಕೊಂಡೆ. ಆಗ ಒಂದು ಸಣ್ಣ ವಿಷಯ ಹೊಳೀತು. ಈ ಇಬ್ಬರಲ್ಲಿ ಒಬ್ಬರೂ "ಯಾಕೆ" ಅಂತ ಕೇಳಿಯೇ ಇಲ್ಲ.

ಫೋನ್ ಮಾಡಿದೆ. "ಅವ್ವ, ನಾ ಬಂದ್ರ ಏನು ಮಾಡೂದೈತಿ ಹೇಳು. ಏನರ ಕೆಲಸ ಐತೇನು?"

ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ ಹೇಳಿದ್ಲು. "ಕಣ್ಣಿನ ಪೊರಿ ತಗಸಬೇಕಂತ. ಡಾಕ್ಟ್ರು ಎರಡ ಸಲ ತಾರೀಕು ಕೊಟ್ರು. ಜೋಡಿ ಯಾರರ ಬೇಕಂತ. ನಿಂಗ್ಯಾಕ ತ್ರಾಸು ಕೊಡೂದು ಅಂತ ನಾನ ಮುಂದ ಹಾಕೇನಿ."

ನೋಡಿ, ಎರಡನೇ ಕುರ್ಚಿಯಲ್ಲಿ ಕೂತು ನಾನು ಊಹಿಸಿದ್ದು ತಪ್ಪಿತ್ತು. ಕಣ್ಣೀರು ನಿಜ, ಊಹೆ ಸುಳ್ಳು. ಕುರ್ಚಿ ಮಾಡಿದ್ದು ಇಷ್ಟೇ: ನನ್ನ ಸಿಟ್ಟನ್ನ ಒಂದು ಪ್ರಶ್ನೆ ಕೇಳೋವಷ್ಟು ಇಳಿಸ್ತು. ಕೆಲಸ ಮಾಡಿದ್ದು ಆ ಪ್ರಶ್ನೆ. ಅಷ್ಟಕ್ಕೇ ನಿಲ್ಲಿಸಿ "ಅವ್ವ ನನಗೆ ಈಗ ಅರ್ಥ ಆದ್ಲು" ಅಂತ ಮಲಗಿದ್ದಿದ್ರೆ ಅವಳು ಇನ್ನೂ ತಾರೀಕು ಮುಂದಕ್ಕೆ ಹಾಕ್ತಾನೇ ಇರ್ತಿದ್ಲು. ಮುಂದಿನ ವಾರ ರಜೆ ಹಾಕಿ ಹೋದೆ. "ಆಗೂದಿಲ್ಲ" ಅಂದಿದ್ದು ಆಯ್ತು.

ಎಲ್ಲಿ ಇದನ್ನ ಮುಟ್ಟಬಾರದು

ಒಂದು ಎಚ್ಚರಿಕೆ. ನನ್ನ ಒಬ್ಬ ಗೆಳೆಯನಿಗೆ ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿರಲಿಲ್ಲ, ಬದುಕೋದೇ ಬೇಡ ಅನ್ನಿಸ್ತಿತ್ತು. ಅವನಿಗೆ ಯಾರೋ "ಮನಸ್ಸಿನಲ್ಲಿ ಆ ಚಿತ್ರ ಸಣ್ಣ ಮಾಡು, ಒಳ್ಳೇ ಚಿತ್ರ ದೊಡ್ಡದು ಮಾಡು" ಅಂತ ಹೇಳಿಕೊಟ್ಟಿದ್ರು. ಮಾಡೋಕಾಗದೆ ತನ್ನನ್ನೇ ಇನ್ನಷ್ಟು ಬೈದುಕೊಂಡ. ಆಮೇಲೆ ಮನೋವೈದ್ಯರ ಹತ್ರ ಹೋಗಿ ಔಷಧಿ, ಸಮಾಲೋಚನೆ ತಗೊಂಡು ಸುಧಾರಿಸಿದ. ಇಂಥ ಸ್ಥಿತಿಯಲ್ಲಿ ಕಾರ್ಯಾಗಾರ ಅಲ್ಲ, ಡಾಕ್ಟರ್ ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ದಿನದ 24 ಗಂಟೆಯೂ ಇರುತ್ತೆ, ಭಾಷೆ ಆರಿಸಿಕೊಳ್ಳಬಹುದು. 2022ರ ಅಕ್ಟೋಬರ್‌ನಿಂದ ನಡೀತಿದೆ, ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ನಂಬರ್ ಸೇವ್ ಮಾಡ್ಕೊಳ್ಳಿ.

ಇನ್ನು ಕಾರ್ಯಾಗಾರಕ್ಕೆ ಹೋಗ್ಲೇಬೇಕು ಅನ್ನೋರು ದುಡ್ಡು ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳಿ. ಆರು ತಿಂಗಳ ಮೇಲೆ ನನ್ನ ಬದಲಾವಣೆಯನ್ನ ಹೇಗೆ ಅಳೀತೀರಿ? ಕೆಲಸ ಮಾಡದೇ ಇದ್ರೆ ತಪ್ಪು ತಂತ್ರದ್ದೋ, ನಂದೋ? ಇದಾದ ಮೇಲೆ ಇನ್ನೂ ದುಬಾರಿ ಕೋರ್ಸ್ ಇದೆಯಾ? ಮೂರಕ್ಕೂ ನೇರ ಉತ್ತರ ಬಂದ್ರೆ ಆಮೇಲೆ ಯೋಚಿಸಿ.

ಈ ವಾರದ ಮನೆಗೆಲಸ ಇಷ್ಟೇ. ನಿಮ್ಮ ಒಂದು "ಬರಲ್ಲ" ಅಥವಾ "ಆಗಲ್ಲ" ಹಿಡಿದು ಕನ್ನಡದಲ್ಲೇ ಬಿಡಿಸಿ ಬರೀರಿ. ಅದರ ಕೆಳಗೆ ಒಂದು "ಹೀಗಾದ್ರೆ ಹೀಗೆ" ಬರೀರಿ. ಆಮೇಲೆ ಊರಿಗೆ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳೋದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ.

ಅವ್ವ ಈಗ ಚೆನ್ನಾಗಿದ್ದಾಳೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ನೋಡಿ, "ಎಷ್ಟು ಸೊರಗೀಯೋ, ಇಷ್ಟು ದಿನ ಕಂಡೇ ಇರಲಿಲ್ಲ" ಅಂದ್ಲು.

ಮುಂದಿನ ವಾರ ಸಿಗೋಣ. ನಮಸ್ಕಾರ.