ಬಿಸಿಯಾದರೆ ಸೋಲುವ ಬಕೆಟ್

ಬೆಳಿಗ್ಗೆ ಎಂಟಕ್ಕೆ ಬಂದ ಗಾಡಿ ಹನ್ನೊಂದರವರೆಗೂ ಲೀಲಾಜಾಲವಾಗಿ ಅಗೆಯಿತು. ಮೈಸೂರಿನ ಬೋಗಾದಿಯಾಚೆಯ ನಮ್ಮ ನಿವೇಶನದಲ್ಲಿ ಅಂದು ಪಾಯ ತೆಗೆಯುವ ಕೆಲಸ. ಮೇಲಿನ ಕೆಮ್ಮಣ್ಣು ಮುಗಿದು ಗೊರಚು ಸಿಕ್ಕ ಹೊತ್ತಿಗೆ ಬಿಸಿಲೂ ಏರಿತ್ತು. ಹಿಂದಿನ ಬಕೆಟ್ ಮಣ್ಣು ಕಚ್ಚಿಕೊಂಡು ಅರ್ಧಕ್ಕೇ ನಿಲ್ಲತೊಡಗಿತು. ಆಪರೇಟರ್ ಹುಡುಗ ರೇಸ್ ಕೊಟ್ಟ. ಎಂಜಿನ್ ಅಬ್ಬರಿಸಿತೇ ಹೊರತು ತೋಳು ಮೇಲೇಳಲಿಲ್ಲ. ಅರ್ಧ ಗಂಟೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹತ್ತು ನಿಮಿಷ ಸರಿ, ಆಮೇಲೆ ಅದೇ ಕಥೆ. "ತಣ್ಣಗಿದ್ರೆ ಎತ್ತುತ್ತೆ ಸಾರ್, ಬಿಸಿಯಾದ್ರೆ ಎತ್ತಲ್ಲ" ಎಂದ. ಗಂಟೆ ಲೆಕ್ಕದ ಬಾಡಿಗೆ. ಮೀಟರು ಓಡುತ್ತಿತ್ತು, ಗುಂಡಿ ಇಳಿಯುತ್ತಿರಲಿಲ್ಲ.

ಮಾರನೆಯ ದಿನ ಅವನ ಜೊತೆ ನಾನೂ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ಹುಡುಗನ ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿಸಿಕೊಂಡರು. ಅರ್ಧ ರೋಗ ಅವರಿಗೆ ಆಗಲೇ ತಿಳಿದಿತ್ತು ಎಂಬುದು ನನಗೆ ಗೊತ್ತಾದದ್ದು ಅಂದು ಸಂಜೆ.

ಮೈಸೂರಿನ ಕಾರ್ಖಾನೆಗಳೆಂದರೆ ನಮಗೆ ನೆನಪಾಗುವುದು ದೊಡ್ಡ ಗೇಟುಗಳು: 1996ರಲ್ಲಿ ಬಾಗಿಲು ಮುಚ್ಚಿದ ಯಾದವಗಿರಿಯ ಐಡಿಯಲ್ ಜಾವಾ, 1984ರಲ್ಲಿ ಇಲ್ಲಿಗೆ ಬಂದು ಗಣಿಗಳಿಗೆ ಡಂಪರ್ ಕಟ್ಟಿಕೊಡುತ್ತಿರುವ ಬೆಮೆಲ್, ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್. ಆ ಗೇಟುಗಳ ನಡುವಿನ ಅಡ್ಡರಸ್ತೆಗಳಲ್ಲಿ ಲೇತ್ ಇಟ್ಟವರು, ಹೋಸ್ ಪೈಪಿಗೆ ತುದಿ ಕೂರಿಸುವವರು, ಪಂಪು ಬಿಚ್ಚುವವರು ತಗಡಿನ ಸೂರಿನಡಿ ಕೆಲಸ ಮಾಡುತ್ತಾರೆ. ನಗರ ನಾಲ್ಕೂ ದಿಕ್ಕಿಗೆ ಬೆಳೆಯುತ್ತಿರುವಾಗ ಅಗೆಯುವ ಗಾಡಿಗಳನ್ನು ಕೆಲಸದಲ್ಲಿ ಇಟ್ಟಿರುವವರು ಇವರೇ. ಇವರ ಬಗ್ಗೆ ಬರೆದವರು ಕಡಿಮೆ.

ಆ ಗಾಡಿ ಯಾವ ಕಂಪನಿಯದ್ದೇ ಇರಲಿ, ನಮ್ಮ ಬಾಯಲ್ಲಿ ಅದು ಜೆಸಿಬಿ. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಇಂಗ್ಲೆಂಡಿನವನ ಹೆಸರಿನ ಮೂರು ಅಕ್ಷರಗಳವು. 1945ರಲ್ಲಿ ಕೆಲಸ ಶುರು ಮಾಡಿದ ಅವನು 1953ರಲ್ಲಿ ಮುಂದೆ ಮಣ್ಣು ತುಂಬುವ, ಹಿಂದೆ ಅಗೆಯುವ ಎರಡೂ ತೋಳುಗಳನ್ನು ಒಂದೇ ಟ್ರ್ಯಾಕ್ಟರಿಗೆ ಕೂರಿಸಿದ. ಭಾರತದಲ್ಲಿ ಆ ಕಂಪನಿ ನೆಲೆಯೂರಿದ್ದು 1979ರಲ್ಲಿ. ಅದಕ್ಕೂ ಹಿಂದೆ ಮೈಸೂರಿನಲ್ಲಿ ಮಣ್ಣು ಎದ್ದದ್ದು ಹೆಚ್ಚಾಗಿ ಗುದ್ದಲಿ, ಮಂಕರಿಯಿಂದ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗಲೆಲ್ಲ ಅಷ್ಟು ಮಣ್ಣು ಹೊತ್ತ ತಲೆಗಳು ನನಗೆ ನೆನಪಾಗುತ್ತವೆ. ಇಂದು ಆ ಭಾರ ಹೊರುವುದು ಎಣ್ಣೆ.

ಎಣ್ಣೆ ಹೇಗೆ ಹೊರುತ್ತದೆ? ಪಂಪಿನೊಳಗೆ ಒಂದಕ್ಕೊಂದು ಹಲ್ಲು ಕಚ್ಚಿ ತಿರುಗುವ ಎರಡು ಗೇರುಗಳಿವೆ. ಹಲ್ಲುಗಳ ಸಂದಿಯಲ್ಲಿ ಸಿಕ್ಕ ಎಣ್ಣೆ ಗೋಡೆಯ ಬದಿಯಿಂದ ಸುತ್ತಿ ಆಚೆ ಹೋಗುತ್ತದೆ, ಹಲ್ಲು ಕೂಡಿರುವುದರಿಂದ ನಡುವಿನಿಂದ ಹಿಂದಿರುಗಲಾರದು. ಗ್ರಹಗಳ ಚಲನೆಯ ನಿಯಮ ಕಂಡುಕೊಂಡ ಕೆಪ್ಲರ್ 1600ರ ಆಸುಪಾಸಿನಲ್ಲಿ ಗಣಿಯ ನೀರೆತ್ತಲು ಯೋಚಿಸಿದ ಪಂಪಿನ ಮೂಲತತ್ವವೂ ಇದೇ. ಪಂಪು ಒತ್ತಡ ಹುಟ್ಟಿಸುತ್ತದೆ ಎಂದು ನಾವು ಹೇಳುತ್ತೇವೆ, ಅದು ಪೂರ್ತಿ ಸರಿಯಲ್ಲ. ಪಂಪು ಎಣ್ಣೆಯನ್ನು ತಳ್ಳುತ್ತದೆ ಅಷ್ಟೆ. ಮುಂದೆ ಬಕೆಟ್ ಗೊರಚಿಗೆ ಸಿಕ್ಕಿ ದಾರಿ ಕಟ್ಟಿದಾಗ ಒತ್ತಡ ಏರುತ್ತದೆ. ಕಾರಿನ ಟಯರಿನಲ್ಲಿ ಎರಡು ಬಾರ್ ಆಸುಪಾಸು ಗಾಳಿ ಇದ್ದರೆ ಇಲ್ಲಿ 200 ಬಾರ್ ದಾಟುವುದು ಮಾಮೂಲು. 100 ಮಿಲಿಮೀಟರ್ ವ್ಯಾಸದ ಸಿಲಿಂಡರಿನ ಮೇಲೆ ಅಷ್ಟು ಒತ್ತಡ ಬಿದ್ದರೆ ಸುಮಾರು 16 ಟನ್ ಬಲ.

ಗೇರಿನ ಪಕ್ಕಕ್ಕೂ ಅದನ್ನು ಒತ್ತಿ ಹಿಡಿಯುವ ಪ್ಲೇಟಿಗೂ ನಡುವೆ ಉಳಿಯುವ ಜಾಗ ಮಾತ್ರ ಕೆಲವೇ ಮೈಕ್ರಾನು, ಅಂದರೆ ತಲೆಗೂದಲಿನ ದಪ್ಪದ ಒಂದು ಸಣ್ಣ ಪಾಲು. ಆ ಜಾಗ ಸವೆದು ಹಿಗ್ಗಿದರೆ ಎಣ್ಣೆ ಮುಂದೆ ಹೋಗುವ ಬದಲು ಒಳಗೊಳಗೇ ಹಿಂದಕ್ಕೆ ನುಸುಳುತ್ತದೆ. ಬೆಳಿಗ್ಗೆ ತಣ್ಣಗಿರುವ ಎಣ್ಣೆ ಮಂದ, ನುಸುಳುವುದು ಕಡಿಮೆ. ಚಳಿಗಾಲದ ಹರಳೆಣ್ಣೆ ಒಲೆಯ ಮೇಲೆ ನೀರಾಗುವ ಹಾಗೆ, 40 ಡಿಗ್ರಿಯಲ್ಲಿದ್ದ ಮಂದತನ 80 ಡಿಗ್ರಿಯ ಹೊತ್ತಿಗೆ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ನುಸುಳಿದ ಎಣ್ಣೆ ಮತ್ತಷ್ಟು ಬಿಸಿ ಹುಟ್ಟಿಸುತ್ತದೆ, ಬಿಸಿ ಮತ್ತಷ್ಟು ನುಸುಳಿಸುತ್ತದೆ. ನಮ್ಮ ನಿವೇಶನದಲ್ಲಿ ಹನ್ನೊಂದು ಗಂಟೆಗೆ ಆದದ್ದು ಇದು.

ಇಷ್ಟು ಗೊತ್ತಿದ್ದೂ ಮೇಸ್ತ್ರಿ ಪಂಪಿನ ಬೋಲ್ಟಿಗೆ ಕೈ ಹಾಕಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತಾಳ್ಮೆ. ಪಂಪು ಬಿಚ್ಚುವುದು ಅವರ ಪಟ್ಟಿಯಲ್ಲಿ ಕಟ್ಟಕಡೆಯ ಕೆಲಸ. ಮೊದಲ ಪ್ರಶ್ನೆ: ಸೋತಿರುವುದು ಒಂದೇ ತೋಳೋ ಎಲ್ಲವೂ? ಹಿಂದಿನ ಬಕೆಟ್ ಮಾತ್ರ ಸೋತಿದ್ದರೆ ಆ ಸಿಲಿಂಡರಿನ ಸೀಲನ್ನೋ ವಾಲ್ವನ್ನೋ ಅನುಮಾನಿಸಬೇಕು. ಎಂಜಿನ್ ಆರಿಸಿ ನಿಲ್ಲಿಸಿದ ಮೇಲೆ ಎತ್ತಿದ ಬಕೆಟ್ ತಾನಾಗಿಯೇ ಕೆಳಗಿಳಿಯುತ್ತಿದ್ದರೂ ತಪ್ಪು ಪಂಪಿನದಲ್ಲ, ಆಗ ಪಂಪು ತಿರುಗುತ್ತಲೇ ಇರುವುದಿಲ್ಲವಲ್ಲ. ಮುಂದಿನ ಬಕೆಟ್, ಹಿಂದಿನದು, ಬದಿಯ ಜ್ಯಾಕ್ ಎಲ್ಲವೂ ಒಟ್ಟಿಗೆ ನಿಧಾನವಾಗಿದ್ದರೆ ಎಲ್ಲಕ್ಕೂ ಎಣ್ಣೆ ಕೊಡುವ ಕಡೆ ನೋಡಬೇಕು. ನಮ್ಮ ಗಾಡಿಯಲ್ಲಿ ಎಲ್ಲವೂ ಸೋತಿದ್ದವು.

ಆಮೇಲೆ ಎಣ್ಣೆ. ಬೆರಳ ತುದಿಯಲ್ಲಿ ತೆಗೆದು ಉಜ್ಜಿದರು, ಮೂಸಿದರು. ಹಾಲಿನಂತೆ ಬೆಳ್ಳಗಿದ್ದರೆ ನೀರು ಬೆರೆತಿದೆ. ನೊರೆಯಾಡುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಕಾದಿದೆ. ಹಿಂದಿರುಗುವ ಎಣ್ಣೆ ಸೋಸುವ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದರು. ಹೊನ್ನಿನ ಬಣ್ಣದ ಸಣ್ಣ ಪುಡಿ ಮಿನುಗಿತು. ಅದು ಪ್ಲೇಟಿನ ಲೋಹ.

ಅಷ್ಟಾದರೂ ಬಿಚ್ಚಲಿಲ್ಲ. ಟ್ಯಾಂಕಿನಿಂದ ಪಂಪಿಗೆ ಎಣ್ಣೆ ಬರುವ ಸಕ್ಷನ್ ಪೈಪನ್ನು ಹಿಂಡಿ ನೋಡಿದರು. ಒಳಪದರ ಸಡಿಲವಾದ ಪೈಪು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಎಂಜಿನ್ ಜೋರಾದಾಗ ಒಳಗೆ ಕುಸಿದು ದಾರಿ ಮುಚ್ಚುತ್ತದೆ. ಆಗ ಪಂಪು ಹಸಿದು ಕೂಗುತ್ತದೆ. ಕ್ಲಿಪ್ಪಿನ ಜಾಗಕ್ಕೆ ಸ್ವಲ್ಪ ಎಣ್ಣೆ ಸುರಿದಾಗ ಕೂಗಿನ ದನಿ ಬದಲಾದರೆ ಅಲ್ಲಿ ಗಾಳಿ ಒಳಹೋಗುತ್ತಿದೆ ಎಂದರ್ಥ. ಒಂದು ಕ್ಲಿಪ್ ಬಿಗಿದರೆ ಮುಗಿಯುವ ಕೆಲಸಕ್ಕೆ ಪಂಪು ಬದಲಾಯಿಸಿಬಿಡುವವರಿದ್ದಾರೆ. ಪಂಪು ಗೇರ್‌ಬಾಕ್ಸಿನ ಬೆನ್ನಿಗೆ ಕೂತಿರುವ ಮಾದರಿಗಳಲ್ಲಿ ಇನ್ನೊಂದು ಗುಟ್ಟಿದೆ. ಹೊರಗೆಲ್ಲೂ ಸೋರಿಕೆ ಕಾಣದೆ ಟ್ಯಾಂಕಿನ ಎಣ್ಣೆ ಇಳಿಯುತ್ತಿದೆ, ಗೇರ್‌ಬಾಕ್ಸಿನ ಎಣ್ಣೆ ಏರುತ್ತಿದೆ ಎಂದರೆ ಪಂಪಿನ ಶಾಫ್ಟ್ ಸೀಲ್ ಹೋಗಿದೆ. ಎಣ್ಣೆಯ ಮಟ್ಟ ನೋಡುವ ಎರಡೂ ಕಡ್ಡಿಗಳನ್ನು ಒಟ್ಟಿಗೆ ನೋಡುವವರಿಗೆ ಮಾತ್ರ ಇದು ಸಿಗುತ್ತದೆ.

ಸೋರಿಕೆಯ ಮಾತು ಬಂತಾದ್ದರಿಂದ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಸೂಜಿಮೊನೆಯಷ್ಟು ತೂತಿನಿಂದ ಇಷ್ಟು ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಚುಕ್ಕೆಯಷ್ಟು ಗಾಯ, ಒಳಗೆ ಮಾಂಸ ಕೊಳೆಯುತ್ತದೆ; ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಅಂಗೈ ಆಡಿಸಿ ಸೋರಿಕೆ ಹುಡುಕಬಾರದು, ರಟ್ಟಿನ ತುಂಡು ಹಿಡಿಯಬೇಕು. ತಗುಲಿದರೆ ಆ ಕ್ಷಣವೇ ಆಸ್ಪತ್ರೆ. ಕೆಲಸಕ್ಕೆ ಮುನ್ನ ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಲಿವರುಗಳನ್ನೆಲ್ಲ ಆಡಿಸಿ ಉಳಿದ ಒತ್ತಡ ಬಿಡುವುದನ್ನು ಆ ಶೆಡ್ಡಿನಲ್ಲಿ ಯಾರೂ ಮರೆಯಲಿಲ್ಲ, ಹೊಸದಾಗಿ ಸೇರಿದ ಹುಡುಗ ಕೂಡ.

ಕೊನೆಗೆ ಗೇಜ್ ಬಂತು. ಪರೀಕ್ಷೆಯ ಬಾಯಿಗೆ ಅದನ್ನು ಜೋಡಿಸಿ, ಬಕೆಟನ್ನು ತುದಿಯವರೆಗೆ ಮಡಚಿ ಲಿವರ್ ಹಿಡಿದೇ ಇದ್ದರೆ ಎಣ್ಣೆಗೆ ಹೋಗಲು ಜಾಗವಿಲ್ಲ, ಒತ್ತಡ ಮಿತಿ ಮೀರದಂತೆ ಕಾಯುವ ರಿಲೀಫ್ ವಾಲ್ವ್ ತೆರೆಯುವ ಅಂಕಿ ಸೂಜಿಯಲ್ಲಿ ಕಾಣುತ್ತದೆ. ತಣ್ಣಗಿದ್ದಾಗ ಸೂಜಿ ಕಂಪನಿ ಹೇಳಿದ ಅಂಕಿಗೆ ಬಂತು. ಮುಕ್ಕಾಲು ಗಂಟೆ ಓಡಿಸಿ ಎಣ್ಣೆ ಕಾದ ಮೇಲೆ ಅಲ್ಲಿಗೆ ಮುಟ್ಟಲಿಲ್ಲ. ಈ ಹಂತದಲ್ಲಿ ರಿಲೀಫ್ ವಾಲ್ವಿನ ಸ್ಕ್ರೂ ಬಿಗಿದು ಸೈಟಿಗೆ ಓಡುವ ಅಭ್ಯಾಸ ಕೆಲವರಿಗಿದೆ. ಸವೆದ ಪಂಪಿಗೆ ಅದರಿಂದ ಏನೂ ಲಾಭವಿಲ್ಲ, ಹೋಸ್ ಸಿಡಿಯುವ ಅಪಾಯ ಮಾತ್ರ ಹೆಚ್ಚುತ್ತದೆ. ಮೇಸ್ತ್ರಿ ಪಂಪಿನ ಬಾಯಿಗೇ ಫ್ಲೋ ಮೀಟರ್ ಕೂರಿಸಿದರು. ಒತ್ತಡ ಏರಿಸಿದಂತೆ ನಿಮಿಷಕ್ಕೆ ಬರುವ ಲೀಟರು ಕುಸಿಯಿತು. ವಾಲ್ವಿಗೂ ಮುಂಚೆಯೇ ಎಣ್ಣೆ ಕಡಿಮೆ ಬರುತ್ತಿದೆಯೆಂದರೆ ತಪ್ಪು ವಾಲ್ವಿನದಲ್ಲ. ಆಗ ಸ್ಪ್ಯಾನರ್ ಎತ್ತಿದರು.

ಹೊರಮೈಯನ್ನು ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು, ಭಾಗಗಳು ಕೂಡುವ ಕಡೆ ಪಂಚ್‌ನಿಂದ ಗುರುತು ಹಾಕಿ ಬಿಚ್ಚಿದ್ದಾಯಿತು. ಗೇರಿನ ಹಲ್ಲು ಗಟ್ಟಿಯಾಗಿದ್ದವು. 8ರ ಅಂಕಿಯಂತಿರುವ ಪ್ಲೇಟುಗಳ ಮೇಲೆ ಮಾತ್ರ ಗ್ರಾಮಫೋನ್ ತಟ್ಟೆಯಂತೆ ಗೆರೆಗಳು, ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳ. ಹೊರಕವಚದಲ್ಲಿ ಎಣ್ಣೆ ಒಳಬರುವ ಬದಿಗೆ ಅರ್ಧಚಂದ್ರದಂಥ ಸವೆತ. ಒತ್ತಡ ಗೇರುಗಳನ್ನು ಸದಾ ಆ ಕಡೆಗೇ ನೂಕುವುದರಿಂದ ಅಲ್ಲಿ ಸ್ವಲ್ಪ ಸವೆಯುವುದು ಸಹಜ. ಅಳೆದು ನೋಡಿ, ಮಿತಿಯೊಳಗಿದೆ ಎಂದು ಅದನ್ನು ಉಳಿಸಿಕೊಂಡರು. ಆ ಸವೆತ ಮಿತಿ ಮೀರಿದ್ದರೆ ಪ್ಲೇಟು, ಸೀಲು ಬದಲಾಯಿಸಿ ಕೊಡುವುದು ಗಿರಾಕಿಗೆ ಮಾಡುವ ಮೋಸ, ಹೊಸ ಪಂಪೇ ಬೇಕು. ಪ್ಲೇಟಿನ ಬೆನ್ನಿಗೆ 3ರ ಆಕಾರದ ರಬ್ಬರ್ ಸೀಲ್ ಕೂರುತ್ತದೆ. ಅದು ತಿರುವುಮುರುವಾದರೆ ಪ್ಲೇಟು ಗೇರಿಗೆ ಒತ್ತಿಕೊಳ್ಳುವುದಿಲ್ಲ, ಹೊಸ ಸಾಮಾನು ಹಾಕಿಯೂ ಪಂಪು ಸೋತೇ ಇರುತ್ತದೆ. ಆ ಸೀಲ್ ಇಡುವಾಗ ಶೆಡ್ಡಿನಲ್ಲಿ ಮಾತು ನಿಂತಿತು. ಒರೆಸಲು ಕಾಟನ್ ವೇಸ್ಟ್ ಬಳಸಲಿಲ್ಲ, ಅದರ ಎಳೆಯೇ ಒಳಗೆ ಉಳಿಯುತ್ತದೆ. ಮೇಜಿನ ಮೇಲೆ ಹೊಸ ಕಾಗದ, ಪಕ್ಕದಲ್ಲಿ ಶುದ್ಧ ಎಣ್ಣೆಯ ತಟ್ಟೆ. ಹೊರಗೆ ಇಡೀ ಶೆಡ್ಡು ಮಸಿಮಯ; ಆ ಮೇಜಿನ ಮೂರಡಿ ಮಾತ್ರ ದೇವರ ಮನೆಯಂತಿತ್ತು.

ಇಷ್ಟು ಬೇಗ ಪ್ಲೇಟು ಸವೆಯಲು ಕಾರಣ ಬೇಕಲ್ಲ. ಮೇಸ್ತ್ರಿ ಗಾಡಿ ಹತ್ತಿ ಟ್ಯಾಂಕಿನ ಮುಚ್ಚಳ ನೋಡಿದರು. ಗಾಳಿಯಾಡುವ ಮುಚ್ಚಳ ಎಲ್ಲೋ ಬಿದ್ದುಹೋಗಿ, ಬಾಯಿಗೆ ಬಟ್ಟೆ ಕಟ್ಟಿತ್ತು. ಸಿಲಿಂಡರುಗಳು ಚಾಚಿದಾಗ ಟ್ಯಾಂಕಿನ ಮಟ್ಟ ಇಳಿಯುತ್ತದೆ, ಆ ಖಾಲಿ ತುಂಬಲು ಹೊರಗಿನ ಗಾಳಿ ಒಳಗೆ ಬರುತ್ತದೆ. ದಿನಕ್ಕೆ ನೂರಾರು ಬಾರಿ, ಅಗೆಯುವ ಜಾಗದ ದೂಳನ್ನೂ ಹೊತ್ತು. ಹುಡುಗ ತಲೆ ತಗ್ಗಿಸಿ ನಿಂತ. ಬೈಯಲಿಲ್ಲ, "ಓನರ್‌ಗೆ ನಾನೇ ಹೇಳ್ತೀನಿ ಬಿಡಪ್ಪ, ಮುಚ್ಚಳ ಮೊದ್ಲು ತರಿಸೋಣ" ಎಂದರು. ಟ್ಯಾಂಕು ಪೂರ್ತಿ ಬಸಿದು ತೊಳೆದದ್ದು, ಫಿಲ್ಟರ್ ಬದಲಾಯಿಸಿದ್ದು, ಹೊಸ ಎಣ್ಣೆಯನ್ನು ಸೋಸಿ ಹಾಕಿದ್ದು, ಇದಕ್ಕೆಲ್ಲ ಪಂಪು ಕಟ್ಟಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹಳೆಯ ಪುಡಿ ಒಳಗೇ ಉಳಿದರೆ ಹೊಸ ಪ್ಲೇಟನ್ನೂ ಅದೇ ತಿನ್ನುತ್ತದೆ.

ಪಂಪಿಗೆ ಮೊದಲು ಎಣ್ಣೆ ಕುಡಿಸಿ, ಎಂಜಿನನ್ನು ನಿಧಾನಗತಿಯಲ್ಲಿ ಭಾರವಿಲ್ಲದೆ ಬಿಟ್ಟರು. ಬಕೆಟ್ ಸರಾಗವಾಗಿ ಎದ್ದಾಗ ನಾನು ಹೊರಡಲು ಎದ್ದೆ. ಮೇಸ್ತ್ರಿ ಕೈಸನ್ನೆ ಮಾಡಿ ಕೂರಿಸಿದರು, ಟೀ ತರಿಸಿದರು. ಗಾಡಿಯನ್ನು ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಒಂದು ಗಂಟೆ ಅಗೆಸಿದರು. ಟ್ಯಾಂಕಿನ ಮೈಗೆ ಅಂಗೈ ಇಟ್ಟು, ತಾಳಲಾರದೆ ತೆಗೆದ ಮೇಲೆಯೇ ಗೇಜ್ ಜೋಡಿಸಿದ್ದು. ಹುಡುಗ ಬಕೆಟ್ ಮಡಚಿ ಲಿವರ್ ಹಿಡಿದ. ಸೂಜಿ ಏರಿ, ತಣ್ಣಗಿದ್ದಾಗ ತೋರಿಸಿದ್ದ ಗೆರೆಗೆ ಬಂದು ನಿಂತಿತು. ಮೇಸ್ತ್ರಿ ಅದನ್ನು ಇನ್ನೂ ಎರಡು ಸಲ ಮಾಡಿಸಿ ನೋಡಿ, ಸೀಮೆಸುಣ್ಣದಿಂದ ಟ್ಯಾಂಕಿನ ಮೇಲೆ ತಾರೀಖು ಬರೆದರು.