ಷೇರಿಲ್ಲದ ಷೇರು ವ್ಯಾಪಾರ: ಸಿಎಫ್‌ಡಿ ಎಂದರೇನು?

ಕೊಲ್ಹಾಪುರ: ಮಗ್ಗದ ಕೂಲಿ, ಕಬ್ಬಿನ ಬಿಲ್ಲಿನ ಹಣವೂ ಮೊಬೈಲ್ ಮೂಲಕ ಷೇರುಪೇಟೆಗೆ ಹೋಗುವ ಕಾಲವಿದು. ಇಚಲಕರಂಜಿ, ಗಡಹಿಂಗ್ಲಜ ಭಾಗದವರು ಸಿಎಫ್‌ಡಿ ವಿಷಯ ತಿಳಿದಿರುವುದು ಒಳ್ಳೆಯದು.

ಇದರಲ್ಲಿ ಷೇರು ಕೈಗೆ ಬರುವುದಿಲ್ಲ. ಬೆಲೆಯ ವ್ಯತ್ಯಾಸಕ್ಕಷ್ಟೇ ಲೆಕ್ಕ. 10 ಸಾವಿರ ರೂ. ಠೇವಣಿಯ ಮೇಲೆ 1 ಲಕ್ಷದ ವಹಿವಾಟು ಹಿಡಿದು, ಬೆಲೆ ಶೇ. 10 ಇಳಿದರೆ ಠೇವಣಿ ಪೂರ್ತಿ ಹೋಯಿತು. ಅದೇ 10 ಸಾವಿರಕ್ಕೆ ಷೇರು ಕೊಂಡಿದ್ದರೆ ನಷ್ಟ 1 ಸಾವಿರ ಮಾತ್ರ.

ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇದಕ್ಕೆ ಪರವಾನಗಿ ಉಂಟು. ನಮ್ಮ ಎನ್‌ಎಸ್‌ಇ, ಬಿಎಸ್‌ಇಗಳಲ್ಲಿ ಸಿಎಫ್‌ಡಿ ಇಲ್ಲ. ಮಾರ್ಜಿನ್ ಹಣ ವಿದೇಶಕ್ಕೆ ಕಳಿಸಲು ರಿಸರ್ವ್ ಬ್ಯಾಂಕ್ ನಿಯಮವೂ ಬಿಡುವುದಿಲ್ಲ. ಆದ್ದರಿಂದ ವಿದೇಶದ ಪರವಾನಗಿ ತೋರಿಸಿದರೆ ನಂಬಬೇಡಿ; ಬ್ರೋಕರ್ ಹೆಸರು ಸೆಬಿ ವೆಬ್‌ಸೈಟಿನಲ್ಲಿದೆಯೇ ನೋಡಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.